ಬೆಳಿಗ್ಗೆ ಚಾ ಮಾತ್ರ

ಆ ಕೇಸು ನನ್ನ ಕೈಗೆ ಬಂದಾಗ ಇದ್ದದ್ದು ಆರು ವಾರ. ಅಷ್ಟರಲ್ಲಿ ಒಬ್ಬರ ತೂಕ ಎಂಬತ್ತಾರು ಕಿಲೋದಿಂದ ಎಂಬತ್ತಕ್ಕೆ ಇಳಿಯಬೇಕಾಗಿತ್ತು. ಇಳಿದರೆ ಅವರ ಅಕ್ಕ ಬದುಕುವ ದಾರಿ ತೆರೆಯುತ್ತದೆ, ಇಳಿಯದಿದ್ದರೆ ಇಲ್ಲ. ತೂಕ ಇಳಿಸಲು ನನ್ನ ಹತ್ತಿರ ಬರುತ್ತಿದ್ದವರು ಮದುವೆ ಗೊತ್ತಾದ ಹುಡುಗಿಯರು, ಮೊಣಕಾಲು ನೋವಿನ ಹೆಂಗಸರು, ಹೊಸದಾಗಿ ಸಕ್ಕರೆ ಕಾಯಿಲೆ ಬಂದ ಗುಮಾಸ್ತರು. ಅವರಲ್ಲಿ ಯಾರಿಗೂ ಇಂಥ ಅವಸರ ಇರಲಿಲ್ಲ.

ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತಿದು. ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಾನು ಆಹಾರ ಸಲಹೆ ಕೊಡುತ್ತಿದ್ದೆ. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಯಕೃತ್ತಿನ ಕಸಿ ಮಾಡುತ್ತಿದ್ದರು. ಬದುಕಿರುವವರ ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ರೋಗಿಗೆ ಜೋಡಿಸುತ್ತಾರೆ, ಕೊಟ್ಟವರದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೆ ಕೊಡುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದರೆ ಸರ್ಜನ್ ಮುಟ್ಟುವುದಿಲ್ಲ. ಅಂಥವರನ್ನು, ಕಲ್ಯಾಣ ಡೊಂಬಿವಲಿ ಕಡೆಯವರಾಗಿದ್ದರೆ, ಆಸ್ಪತ್ರೆಯ ಕೋಆರ್ಡಿನೇಟರ್ ನನ್ನ ಹತ್ತಿರ ಕಳಿಸುತ್ತಿದ್ದಳು. ಆಕೆ ಚುರುಕಾದ ಮರಾಠಿ ಹುಡುಗಿ, ಫೋನಿನಲ್ಲಿ ಎರಡು ಮಾತಿನಲ್ಲಿ ವಿಷಯ ಮುಗಿಸುವವಳು. ಈ ಸಲ ಮಾತ್ರ ಸ್ವಲ್ಪ ತಡೆದು, ಬೇರೆ ದಾನಿ ಇಲ್ಲ ಎಂದಳು. ರೋಗಿಯ ಗಂಡನ ರಕ್ತದ ಗುಂಪು ಹೊಂದಿರಲಿಲ್ಲ, ಮಗಳಿಗೆ ಹದಿನೆಂಟು ತುಂಬಿರಲಿಲ್ಲ. ಉಳಿದದ್ದು ತಮ್ಮ ಒಬ್ಬರೇ.

ಅವರನ್ನು ಇಲ್ಲಿ ತಮ್ಮ ಎಂದೇ ಕರೆಯುತ್ತೇನೆ. ಉಡುಪಿ ಕಡೆಯವರು, ಮೂವತ್ತೆಂಟು ವಯಸ್ಸು, ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದರು. ಮನೆ ವಿಠ್ಠಲವಾಡಿ. ಡ್ಯೂಟಿಗೆ ಹೋಗುವ ದಾರಿಯಲ್ಲೇ ಡೊಂಬಿವಲಿಯಲ್ಲಿಳಿದು, ಬೆಳಿಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ನನ್ನ ತೂಕದ ಯಂತ್ರದ ಮೇಲೆ ನಿಂತು ಹೋಗುವುದೆಂದು ಗೊತ್ತುಮಾಡಿಕೊಂಡೆವು. ಚಪ್ಪಲಿ, ಬೆಲ್ಟು, ಮೊಬೈಲು ಎಲ್ಲ ತೆಗೆದಿಟ್ಟು ನಿಂತರೆ ಎಂಬತ್ತಾರು ಕಿಲೋ ನಾನೂರು ಗ್ರಾಂ.

ಮೊದಲ ದಿನ ನನಗೆ ಮಹಾ ಖುಷಿ. ನಾನು ಧಾರವಾಡದವಳು. ಇಡೀ ದಿನ ಮರಾಠಿ, ಹಿಂದಿ ಮಾತಾಡಿ ನಾಲಿಗೆ ದಣಿದಿರುತ್ತದೆ. ಎದುರಿಗೆ ಕೂತವರು ಕನ್ನಡದವರೆಂದು ತಿಳಿದ ಕೂಡಲೇ ಇಬ್ಬರೂ ಕುರ್ಚಿ ಹತ್ತಿರ ಎಳೆದುಕೊಂಡೆವು. ಹಿಂದಿಯಲ್ಲೇ ಕೇಳಿದ್ದರೆ ಮುಂದಿನ ಫಜೀತಿ ಒಂದೂ ಆಗುತ್ತಿರಲಿಲ್ಲ.

ನಮ್ಮ ಕೆಲಸದ ಮೊದಲ ಹೆಜ್ಜೆ ಎಂದರೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಳ್ಳುವುದು. ಬಟ್ಟಲು, ಸೌಟು, ಚಮಚ ಮುಂದಿಟ್ಟುಕೊಂಡು ಅಳತೆ ತೋರಿಸಿ ಕೇಳುತ್ತೇವೆ. ಬೆಳಗಿನ ನಾಷ್ಟಾ ಏನೆಂದು ಕೇಳಿದೆ.

"ನಾಷ್ಟಾ ಎಲ್ಲ ಇಲ್ಲ ಮೇಡಂ. ಬೆಳಿಗ್ಗೆ ಚಾ ಮಾತ್ರ," ಎಂದರು.

ಚಾ ಎಷ್ಟು ಸಲ ಎಂದೆ. ಬೆಳಿಗ್ಗೆ ಒಮ್ಮೆ, ಸಂಜೆ ಹೋಟೆಲಿನಲ್ಲಿ ಒಮ್ಮೆ ಎಂದರು. ಸಕ್ಕರೆ? ಎರಡು ಚಮಚ. ಬರೆದುಕೊಂಡೆ. ಬೆಳಗಿನ ಆಹಾರ ಎಂಬಲ್ಲಿ 'ಇಲ್ಲ' ಎಂದು ಬರೆದು ಅಡಿಗೆರೆ ಎಳೆದೆ. ಇಲ್ಲೇ ರೋಗದ ಬೇರು ಸಿಕ್ಕಿತು ಎಂದು ಒಳಗೊಳಗೇ ಬೀಗಿದೆ. ಬೆಳಿಗ್ಗೆ ಉಪವಾಸ, ಮಧ್ಯಾಹ್ನ ಹಸಿದು ಹೋಟೆಲಿನ ಅನ್ನದ ರಾಶಿ, ಮತ್ತೆ ಮಲಗುವ ಮುಂಚೆ ಇನ್ನೊಂದು ರಾಶಿ. ಇಂಥ ನೂರು ಜನರನ್ನು ನೋಡಿದ್ದೆನಲ್ಲ.

ಇನ್ನೊಂದು ತೊಡಕಿತ್ತು. ಅವರು ಮೀನು ತಿನ್ನುವ ಮನೆಯವರು, ಆದರೆ ಅಕ್ಕ ಹುಷಾರಾಗಿ ಮನೆಗೆ ಬರುವ ತನಕ ಮೀನು, ಮೊಟ್ಟೆ, ಮಾಂಸ ಮುಟ್ಟುವುದಿಲ್ಲವೆಂದು ಊರಿನ ದೈವಕ್ಕೆ ಹರಕೆ ಹೇಳಿಕೊಂಡಿದ್ದರು. ಕೊಬ್ಬು ಕರಗಬೇಕು, ಮಾಂಸಖಂಡ ಕರಗಬಾರದು ಎಂದರೆ ಅನ್ನ ಕಡಿಮೆಯಾಗಬೇಕು, ಪ್ರೊಟೀನು ಹೆಚ್ಚಬೇಕು. ದಿನಕ್ಕೆ ತೊಂಬತ್ತು ಗ್ರಾಂ ಬೇಕೆಂದು ಲೆಕ್ಕ ಹಾಕಿದ್ದೆ. ಬೇಳೆ, ಮೊಸರು, ಸೋಯಾ, ಪನೀರು ಎಲ್ಲ ಕೂಡಿಸಿದರೂ ಸಾಲದು. ಆದ್ದರಿಂದ ವೇ ಪ್ರೊಟೀನು. ಮೂತ್ರಪಿಂಡದ ರಕ್ತಪರೀಕ್ಷೆ ಸರಿಯಿದೆಯೇ ಎಂದು ಆಸ್ಪತ್ರೆಯಿಂದ ಕೇಳಿ ತಿಳಿದುಕೊಂಡು, ಅವರ ಡಾಕ್ಟರ ಒಪ್ಪಿಗೆ ತೆಗೆದುಕೊಂಡೇ ಬರೆದೆ.

ವೇ ಎಂದರೆ ಏನೆಂದು ವಿವರಿಸಿದಾಗ ಅವರಿಗೆ ನಗು. "ಪನೀರ್ ಸೋಸಿದ ನೀರಲ್ವಾ ಮೇಡಂ? ನಮ್ಮ ಹೋಟೆಲಲ್ಲಿ ಅದನ್ನು ದಿನಾ ಮೋರಿಗೆ ಚೆಲ್ತೇವೆ." ಹೌದು, ಅದೇ ನೀರನ್ನು ಸೋಸಿ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಕೊಡುತ್ತಾರೆ ಎಂದೆ. ಒಂದು ಅಳತೆ ಪುಡಿಯಲ್ಲಿ ಇಪ್ಪತ್ನಾಲ್ಕು ಗ್ರಾಂ ಪ್ರೊಟೀನು. ಬೆಳಿಗ್ಗೆ ಒಂದು ಅಳತೆ, ಜೊತೆಗೆ ಹೆಸರುಬೇಳೆಯ ಒಂದು ದೋಸೆ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ದಪ್ಪ ಸಾರು, ಪಲ್ಯ, ಮೊಸರು. ರಾತ್ರಿ ಎರಡು ಚಪಾತಿ, ಸೋಯಾ ಇಲ್ಲವೇ ಪನೀರು. ಕರಿದದ್ದು, ಸಿಹಿ ಬೇಡ. ಚಾ ದಿನಕ್ಕೆ ಎರಡು ಸಲ, ಸಕ್ಕರೆ ಇಲ್ಲದೆ. ಮುಕ್ಕಾಲು ಗಂಟೆ ನಡಿಗೆ. ಎಲ್ಲ ಸೇರಿ ಸಾವಿರದ ಮುನ್ನೂರು ಕ್ಯಾಲೊರಿ. ಕಾಗದವನ್ನು ಕನ್ನಡದಲ್ಲೇ ಬರೆದುಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಮೊದಲ ವಾರ ಐನೂರು ಗ್ರಾಂ ಇಳಿಯಿತು. ನಾನು ಒಂದೂವರೆ ಕಿಲೋ ನಿರೀಕ್ಷಿಸಿದ್ದೆ. ವಿಚಾರಿಸಿದರೆ ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದ್ದರಂತೆ. ಅದು ಗಂಟು ಗಂಟಾಗಿ, ಅರ್ಧ ಪಾತ್ರೆಗೆ ಅಂಟಿಕೊಂಡಿತ್ತು. ಬಿಸಿಗೆ ಹಾಕಬಾರದು, ಮೊದಲು ಎರಡು ಚಮಚ ತಣ್ಣೀರಿನಲ್ಲಿ ಕಲಸಿ ಆಮೇಲೆ ತೆಳುವಾಗಿಸಬೇಕು ಎಂದು ಮಾಡಿ ತೋರಿಸಿದೆ. ಎರಡನೆಯ ವಾರ ನೂರು ಗ್ರಾಂ. ಮೂರನೆಯ ವಾರ ಇನ್ನೂರು ಗ್ರಾಂ ಏರಿತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಆ ದಿನ ಕೋಪಕ್ಕಿಂತ ಹೆಚ್ಚಾಗಿ ಭಯವಾಗಿತ್ತು, ಆದರೆ ನನ್ನ ಭಯವೂ ಬೈಗುಳವಾಗಿಯೇ ಹೊರಗೆ ಬರುತ್ತದೆ. ಹಿಂದಿನ ದಿನವಷ್ಟೇ ಕೋಆರ್ಡಿನೇಟರ್ ಫೋನು ಮಾಡಿ, ಅಕ್ಕನ ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿದೆ, ತೆಗೆಯಬೇಕಾಯಿತು ಎಂದಿದ್ದಳು. ಏನು ತಿಂತೀರಿ ನಿಜ ಹೇಳ್ರಿ ಎಂದು ತಮ್ಮನನ್ನು ಮೂರು ಸಲ ಕೇಳಿದೆ. ಮೂರು ಸಲವೂ ಅವರು ಜೇಬಿನ ಕಾಗದ ತೆಗೆದು ತೋರಿಸಿದರು. ಇದನ್ನು ಬಿಟ್ಟು ಒಂದು ತುಂಡು ತಿಂದಿಲ್ಲ ಎಂದರು.

ದಾನಿಗಳ ವಿಷಯದಲ್ಲಿ ಆಸ್ಪತ್ರೆಯ ಒಂದು ಪದ್ಧತಿಯಿದೆ. ಕೊಡಲು ಮನಸ್ಸಿಲ್ಲದವರು ಮನೆಯವರ ಮುಂದೆ ಹೇಳಲಾರರು. ಅಂಥವರು ಗುಟ್ಟಾಗಿ ಹೇಳಿದರೆ, ವೈದ್ಯಕೀಯ ಕಾರಣಕ್ಕೆ ಆಗುವುದಿಲ್ಲವೆಂದು ಡಾಕ್ಟರರೇ ಹೇಳಿ ಅವರನ್ನು ಪಾರುಮಾಡುತ್ತಾರೆ. ತೂಕ ಇಳಿಯದ ದಾನಿಗಳಲ್ಲಿ ಕೆಲವರು ಬೇಕೆಂತಲೇ ತಿನ್ನುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ನಾನು ದೊಡ್ಡ ಮನಸ್ಸಿನವಳಂತೆ ದನಿ ತಗ್ಗಿಸಿದೆ.

"ನೋಡ್ರಿ, ಕೊಡೂದಕ್ಕ ಮನಸ್ಸಿಲ್ಲಂದ್ರ ನನ್ನ ಮುಂದ ಹೇಳಿಬಿಡ್ರಿ. ನಿಮ್ಮ ಲಿವರ್ ಹೊಂದಂಗಿಲ್ಲಂತ ಡಾಕ್ಟರೇ ಹೇಳ್ತಾರ. ನಿಮ್ಮ ಅಕ್ಕಗೂ ಗೊತ್ತಾಗಂಗಿಲ್ಲ."

ಅವರು ಬೆಲ್ಟು ಹಾಕಿಕೊಳ್ಳುತ್ತಿದ್ದವರು ಹಾಗೆಯೇ ನಿಂತರು. ತಾಯಿ ತೀರಿಕೊಂಡ ಮೇಲೆ ಆ ಅಕ್ಕನೇ ಅವರನ್ನು ಸಾಕಿದ್ದು, ಊರಿನಿಂದ ಇಲ್ಲಿಗೆ ಕರೆತಂದು ಕೆಲಸಕ್ಕೆ ಹಚ್ಚಿದ್ದು ಎಂದು ಮೊದಲ ದಿನವೇ ಹೇಳಿದ್ದರು. "ಅಕ್ಕನಿಗೆ ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ ನಿಮಗೆ ಕಂಡಿತಾ ಮೇಡಂ?" ಎಂದಷ್ಟೇ ಕೇಳಿ ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ಕೋಆರ್ಡಿನೇಟರಿಗೆ ಫೋನು ಮಾಡಿ, ದಾನಿಗೆ ಮನಸ್ಸಿದ್ದಂತೆ ಕಾಣುವುದಿಲ್ಲ ಎಂದುಬಿಟ್ಟೆ. ಅವಳು ಫೈಲಿನಲ್ಲಿ ಬರೆದುಕೊಂಡಳು.

ಮುಂದಿನ ವಾರ ಅವರು ತೂಕಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ಎರಡು ದಿನ ಬಿಟ್ಟು ಕೋಆರ್ಡಿನೇಟರ್, ಬರುವ ಮೀಟಿಂಗಿನಲ್ಲಿ ಈ ದಾನಿಯ ಹೆಸರು ತೆಗೆಯುವ ಮಾತಿದೆ ಎಂದು ತಿಳಿಸಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಸರು ತೆಗೆದರೆ ಆ ಹೆಂಗಸಿಗೆ ಮುಂದೇನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವರ ವಾರದ ರಜೆ ಮಂಗಳವಾರ ಎಂದು ನನ್ನ ಕಾಗದದಲ್ಲಿತ್ತು. ಮಂಗಳವಾರ ಬೆಳಿಗ್ಗೆ ಅಂಬರನಾಥ ಲೋಕಲ್ ಹಿಡಿದು ವಿಠ್ಠಲವಾಡಿಯಲ್ಲಿ ಇಳಿದೆ. ತಿಳಿದುಕೊಳ್ಳಲು ಹೋದೆ ಎಂದರೆ ಸುಳ್ಳಾಗುತ್ತದೆ. ಹಿಡಿಯಲು ಹೋದೆ. ಗಂಡನ ಮೈಮೇಲೆ ಕತ್ತಿ ಆಡುವುದು ಬೇಡವೆಂದು ಹೆಂಡತಿಯೇ ಗುಟ್ಟಾಗಿ ತಿನ್ನಿಸುತ್ತಿರಬೇಕು ಎಂದು ರೈಲಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಎರಡು ಕೋಣೆಯ ಮನೆ. ಕಾಯಿಲೆ ಬಿದ್ದ ಮೇಲೆ ಅಕ್ಕ ತಮ್ಮನ ಮನೆಯಲ್ಲೇ ಇದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಕಣ್ಣು ಅರಿಸಿನ ಬಣ್ಣ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ತುಂಬು ಬಸುರಿಯದು. ಆದರೂ ಎದ್ದು ಕೂತರು, ಸೆರಗು ಸರಿಮಾಡಿಕೊಂಡರು. ತಮ್ಮ ಔಷಧದ ಅಂಗಡಿಗೆ ಹೋಗಿದ್ದಾನೆ, ಈಗ ಬರುತ್ತಾನೆ, ಅಷ್ಟರಲ್ಲಿ ಚಾ ಕುಡಿಯಿರಿ ಎಂದರು. ಬೇಡವೆಂದೆ. ಒತ್ತಾಯ ಮಾಡಿದರು. ಸರಿ, ಬರೇ ಚಾ ಸಾಕು, ಬೇರೇನೂ ಬೇಡ ಎಂದು ಎರಡೆರಡು ಸಲ ಹೇಳಿದೆ.

ತಮ್ಮನ ಹೆಂಡತಿ ಒಳಗಿನಿಂದ ಬಂದು ನನ್ನ ಮುಂದೆ ಸ್ಟೀಲಿನ ತಟ್ಟೆ ಇಟ್ಟಳು. ಮೂರು ನೀರುದೋಸೆ, ಪಕ್ಕದಲ್ಲಿ ಕಾಯಿ ಚಟ್ನಿ. ಆಮೇಲೆ ಲೋಟದಲ್ಲಿ ಚಹಾ.

"ಬರೇ ಚಾ ಅಂದಿದ್ನಲ್ರೀ," ಎಂದೆ.

"ಚಾ ಅಂದ್ರೆ ಮತ್ತೆಂತ? ಮನೆಗೆ ಬಂದವ್ರಿಗೆ ಬರೀ ಕೆಂಪು ನೀರು ಕೊಟ್ಟು ಕಳಿಸ್ಲಿಕ್ಕೆ ಉಂಟಾ?" ಎಂದರು ಅಕ್ಕ.

ತಟ್ಟೆಯನ್ನು ನೋಡುತ್ತ ಕೂತೆ. ಬೆಳಿಗ್ಗೆ ಚಾ ಮಾತ್ರ. ತಮ್ಮನೂ ದಿನಾ ಬೆಳಿಗ್ಗೆ ಇದೇ ಚಾ ಕುಡಿಯುತ್ತಾರೆಯೇ ಎಂದು ಆ ಹೆಣ್ಣುಮಗಳನ್ನು ಕೇಳಿದೆ. ಅವಳು ಸಹಜವಾಗಿ ಹೌದೆಂದಳು. ಮೊದಲೆಲ್ಲ ಬಾಳೆಹಣ್ಣಿನ ಬನ್ಸ್ ಮಾಡುತ್ತಿದ್ದೆ, ನೀವು ಸಿಹಿ ಬೇಡ, ಕರಿದದ್ದು ಬೇಡ ಎಂದಿರಲ್ಲ, ಅದಕ್ಕೆ ಈಗ ಬರೀ ನೀರುದೋಸೆ, ಎಣ್ಣೆ ತೋರಿಸುವುದೂ ಇಲ್ಲ, ಚಾಕ್ಕೆ ಸಕ್ಕರೆಯನ್ನೂ ಬಿಟ್ಟಿದ್ದಾರೆ ಎಂದಳು. ಅದಾಗಿ ಅರ್ಧ ಗಂಟೆಗೆ ನನ್ನ ಪುಡಿ, ನನ್ನ ಹೆಸರುಬೇಳೆ ದೋಸೆ. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೂ ಮದ್ದೆಂದು ತಿನ್ನುತ್ತಿದ್ದರಂತೆ. ಸಂಜೆ ಹೋಟೆಲಿನಲ್ಲೂ ಚಾ, ಎಂದರೆ ಒಂದು ತಟ್ಟೆ ಉಪ್ಪಿಟ್ಟು ಮತ್ತು ಚಹಾ. ನಾಷ್ಟಾ ಎಂದರೆ ಆ ಮನೆಯಲ್ಲಿ ಗಿರಾಕಿಗಳು ಹೋಟೆಲಿಗೆ ಬಂದು ತಿನ್ನುವುದು. ಮನೆಯಲ್ಲಿ ತಿನ್ನುವುದು ಚಾ.

ದಿನಕ್ಕೆ ಹೆಚ್ಚುಕಡಿಮೆ ಆರುನೂರು ಕ್ಯಾಲೊರಿ ನನ್ನ ಕಾಗದದ ಹೊರಗೇ ಉಳಿದಿತ್ತು. ಆ ಮನುಷ್ಯ ನಾನು ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಅಲ್ಲ, 'ಚಾ ಜೊತಿ ಏನರೆ ತಿಂತೀರೇನು' ಎಂದು ಒಂದು ಮಾತು ಕೇಳಲು ನನಗೇನು ಧಾಡಿಯಾಗಿತ್ತು?

ಅಷ್ಟರಲ್ಲಿ ಅವರು ಔಷಧದ ಚೀಲ ಹಿಡಿದು ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು, ಮುಖ ಎತ್ತಲಿಲ್ಲ. ಅಕ್ಕ, ಹೆಂಡತಿ ಇಬ್ಬರ ಮುಂದೆಯೇ ಹೇಳಿದೆ.

"ತಪ್ಪು ನಂದರೀ. ನೀವು ಹೇಳಿದ್ದು ನನಗ ತಿಳೀಲಿಲ್ಲ. ತಿಳಕೊಳ್ಳಲಾರದ ನಿಮಗ ಅನ್ನಬಾರದ್ದು ಅಂದೆ."

ಅವರು ಚೀಲವನ್ನು ಹೆಂಡತಿಯ ಕೈಗೆ ಕೊಟ್ಟರು. ಹೋಗಿ ಅಕ್ಕನ ಪಕ್ಕ ಕೂತರು. ನಾನು ಮುಂದಿದ್ದ ಮೂರೂ ದೋಸೆ ತಿಂದು, ತಣ್ಣಗಾದ ಚಹಾ ಕುಡಿದು ಎದ್ದೆ. ತಟ್ಟೆಯಲ್ಲಿ ಬಿಡುವ ಮುಖ ನನಗಿರಲಿಲ್ಲ.

ಕೋಆರ್ಡಿನೇಟರಿಗೆ ನಾನು ಹೇಳಿದ್ದು ಫೋನಿನಲ್ಲಿ ಸರಿಪಡಿಸುವ ಮಾತಾಗಿರಲಿಲ್ಲ. ಮರುದಿನ ಬೆಳಗಿನ ಅಪಾಯಿಂಟ್‌ಮೆಂಟುಗಳನ್ನೆಲ್ಲ ಮುಂದೂಡಿ, ಠಾಣೆಗೆ ಹೋಗಿ ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತಿ ತುರ್ಭೆಯಲ್ಲಿ ಇಳಿದು, ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಹೋಗುವ ದಾರಿಯುದ್ದಕ್ಕೂ ಯೋಚನೆ. ನಿಜ ಹೇಳಿದರೆ ಇವರು ಇನ್ನು ಮುಂದೆ ನನ್ನ ಹತ್ತಿರ ಯಾರನ್ನಾದರೂ ಕಳಿಸುತ್ತಾರೆಯೇ? 'ದಾನಿ ಈಗ ಮನಸ್ಸು ಮಾಡಿದ್ದಾರೆ' ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಫೈಲಿನಲ್ಲಿ ಆ ಮನುಷ್ಯನ ಮೇಲೆ ಒಂದು ಸಂಶಯ ಹಾಗೆಯೇ ಉಳಿದುಬಿಡುತ್ತಿತ್ತು. ಆ ಸಂಶಯ ಬರೆಸಿದವಳು ನಾನೇ, ಅಳಿಸುವವಳೂ ನಾನೇ ಆಗಬೇಕಾಗಿತ್ತು.

ಸರ್ಜನ್ ನಿಂತುಕೊಂಡೇ ನನ್ನ ಮಾತೆಲ್ಲ ಕೇಳಿದರು. ಚಾ ಎಂದರೆ ದೋಸೆ ಎಂದು ಹಿಂದಿಯಲ್ಲಿ ವಿವರಿಸುವಾಗ ಕೋಆರ್ಡಿನೇಟರ್ ನಗು ತಡೆದುಕೊಂಡಳು. ಸರ್ಜನ್ ನಗಲಿಲ್ಲ. ನೀವು ಹೊಟ್ಟೆಗೆ ಹೋಗುವುದನ್ನು ಲೆಕ್ಕ ಹಾಕಿ, ಮನಸ್ಸಿನಲ್ಲಿ ಇರುವುದನ್ನು ಕೇಳಲು ನಮ್ಮಲ್ಲಿ ಬೇರೆ ಡಾಕ್ಟರಿದ್ದಾರೆ ಎಂದರು. ಮುಖಕ್ಕೆ ಹೊಡೆದಂತಾಯಿತು, ಆದರೆ ತಪ್ಪೆನ್ನುವಂತಿರಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದರು. ನಾಲ್ಕು ವಾರ ಎಂದೆ. ರೋಗಿಯ ರಿಪೋರ್ಟು ತೆಗೆದು ನೋಡಿದರು. ನಾಲ್ಕು ವಾರ ಅವಳು ತಡೆದರೆ ನಿಮ್ಮ ಅದೃಷ್ಟ ಎಂದು ಮರುಸ್ಕ್ಯಾನಿನ ದಿನ ಬರೆದುಕೊಟ್ಟರು.

ಹೊಸ ಕಾಗದ ಬರೆಯುವಾಗ ತಮ್ಮ, ಅವರ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡೆ. ಈ ಸಲ ಸಮಯದ ಪ್ರಕಾರ ಬರೆದೆ. ಆರು ಗಂಟೆಗೆ ಬಾಯಿಗೆ ಏನು, ಏಳಕ್ಕೆ ಏನು, ನಾಲ್ಕಕ್ಕೆ ಏನು. ಚಾ ಎಂಬ ಶಬ್ದವನ್ನೇ ಬಳಸಲಿಲ್ಲ. ಬೆಳಗಿನ ತಟ್ಟೆಯ ಜಾಗದಲ್ಲಿ ಪುಡಿ, ಹೆಸರುಬೇಳೆ ದೋಸೆ ಅಷ್ಟೇ. ಸಂಜೆ ಉಪ್ಪಿಟ್ಟಿನ ಬದಲು ಒಂದು ಹಿಡಿ ಹುರಿಗಡಲೆ.

ಎರಡೇ ದಿನಕ್ಕೆ ಹೊಸ ತಕರಾರು. ಆ ಪುಡಿಯ ಚಾಕಲೇಟು ವಾಸನೆಗೆ ಬೆಳಿಗ್ಗೆ ವಾಂತಿ ಬಂದ ಹಾಗಾಗುತ್ತದೆ, ಮೊದಲು ನೀರುದೋಸೆ ತಿಂದಿರುತ್ತಿದ್ದೆ, ನಡೆಯುತ್ತಿತ್ತು ಎಂದರು. ವಾಸನೆ, ಸಿಹಿ ಏನೂ ಇಲ್ಲದ ಪುಡಿಯನ್ನು ನಾನು ಹುಡುಕಿ ತರಿಸಿದೆ. ದಾರಿ ತೋರಿಸಿದ್ದು ಮಾತ್ರ ಅಕ್ಕ. ಹಾಲಿನದೇ ವಸ್ತು ತಾನೇ, ಮಜ್ಜಿಗೆಗೆ ಹಾಕಿ ನೋಡಿ ಎಂದು ಮಲಗಿದಲ್ಲಿಂದಲೇ ಹೇಳಿದರಂತೆ. ಶುಂಠಿ, ಉಪ್ಪು, ಕರಿಬೇವು ಜಜ್ಜಿ ಹಾಕಿದ ನೀರು ಮಜ್ಜಿಗೆಗೆ ಪುಡಿ ಕಲಸಿದರೆ ಗಂಟಿಲ್ಲ, ವಾಸನೆಯಿಲ್ಲ. ಹೊಟ್ಟೆ ಹನ್ನೊಂದರ ತನಕ ತಣ್ಣಗಿರುತ್ತದೆ ಎಂದು ತಮ್ಮ ವರದಿ ಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ಡಬ್ಬಿಯ ಮೇಲಿನ ಚಿತ್ರವನ್ನೇ ನಂಬಿದ್ದ ನಾನು, ಆಮೇಲೆ ಎಷ್ಟೋ ಜನರಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ.

ಮೊದಲ ವಾರ ಎರಡು ಕಿಲೋ ಇಳಿಯಿತು. ಅದರಲ್ಲಿ ನೀರಿನ ಪಾಲೂ ಇದೆ, ಕುಣಿಯಬೇಡಿ ಎಂದು ಅವರಿಗೆ ಹೇಳಿ ಒಳಗೆ ನಾನೇ ಕುಣಿದೆ. ಆಮೇಲೆ ಒಂದೂವರೆ, ಮತ್ತೆ ಒಂದು. ನಾಲ್ಕನೆಯ ವಾರದ ಕೊನೆಗೆ ಎಂಬತ್ತು ಕಿಲೋ ಆರುನೂರು. ಗುರಿಗಿಂತ ಆರುನೂರು ಗ್ರಾಂ ಹೆಚ್ಚು. ಅದು ನಡೆಯುತ್ತದೋ ಇಲ್ಲವೋ ಎಂದು ಸ್ಕ್ಯಾನೇ ಹೇಳಬೇಕಾಗಿತ್ತು. ಅದೇ ವಾರ ಅಕ್ಕನಿಗೆ ಒಂದು ದಿನ ಮನೆಯವರ ಗುರುತು ತಪ್ಪಿ, ಆಸ್ಪತ್ರೆಗೆ ಸೇರಿಸಿದ್ದರು. ಸ್ಕ್ಯಾನಿನ ದಿನ ನಾನು ಕ್ಲಿನಿಕ್ಕಿನಲ್ಲಿ ಕೂತು ಯಾರಿಗೆ ಏನು ಬರೆದುಕೊಟ್ಟೆನೋ ದೇವರೇ ಬಲ್ಲ. ಮೂರು ಗಂಟೆಗೆ ಕೋಆರ್ಡಿನೇಟರಿನ ಫೋನು. ಕೊಬ್ಬು ಕರಗಿದೆ, ಸರ್ಜನ್ ಒಪ್ಪಿದ್ದಾರೆ ಎಂದಳು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವರನ್ನು ನೋಡಲು ಹೋದೆ. ಹೆಂಡತಿ ಕೆಳಗೆ ಫಾರ್ಮಿಗೆ ಸಹಿ ಹಾಕಲು ಹೋಗಿದ್ದಳು. ಅವರು ಕಿಟಕಿಯ ಹತ್ತಿರ ಕೂತಿದ್ದರು, ಆಸ್ಪತ್ರೆಯ ಅಂಗಿ ಮೈಮೇಲೆ ಜೋಲುತ್ತಿತ್ತು.

"ನಿಮಗೊಂದು ಹೇಳ್ಬೇಕು ಮೇಡಂ," ಎಂದರು. "ಆ ದಿನ ನೀವು ಕೇಳಿದ್ರಲ್ಲ, ಮನಸ್ಸಿಲ್ವಾ ಅಂತ. ನನಗೆ ಸಿಟ್ಟು ಬಂದದ್ದು ಹೌದು. ಆದ್ರೆ ಟ್ರೇನಲ್ಲಿ ಕೂತ ಮೇಲೆ ಒಂಥರಾ ಹಗುರ ಆಯ್ತು. ಬೇಡ ಅಂತ ಹೇಳ್ಲಿಕ್ಕೆ ಒಂದು ದಾರಿ ಉಂಟಲ್ಲ ಅಂತ. ನನ್ನ ಚಿಕ್ಕ ಮಗಳು ಇನ್ನೂ ಬಾಲವಾಡಿಗೆ ಹೋಗ್ತಾಳೆ. ಅದಕ್ಕೇ ನಾನು ಮರುವಾರ ಬರ್ಲಿಲ್ಲ. ಮತ್ತೆ ನೀವು ಮನೆಗೆ ಬಂದು, ಎಲ್ಲರ ಎದುರು ತಪ್ಪು ನಂದು ಅಂದ್ರಿ. ನನಗೆ ನೆಪವೇ ಉಳಿಲಿಲ್ಲ."

ಒಳ್ಳೆಯದು ಮಾಡಿದೆ ಎಂದುಕೊಂಡು ಒಬ್ಬನ ಬಾಗಿಲು ಮುಚ್ಚಿಬಿಟ್ಟೆನೇ ಎನ್ನಿಸಿತು. ಈಗಲೂ ಹೇಳಬಹುದು, ನಾಳೆ ಬೆಳಗಿನ ತನಕ ಹೇಳಬಹುದು ಎಂದೆ.

"ಗೊತ್ತುಂಟು. ಬೆಳಿಗ್ಗೆ ನಾನೊಬ್ಬನೇ ಇರುವಾಗ ಡಾಕ್ಟ್ರೂ ಕೇಳಿದ್ರು. ಹೆದರಿಕೆ ಉಂಟು, ಕೊಡ್ತೇನೆ ಅಂದೆ. ಎರಡೂ ಬರ್ಕೊಳ್ಳಿ ಅಂದೆ."

ಮರುದಿನ ಬೆಳಿಗ್ಗೆ ಒಳಗೆ ಕರೆದೊಯ್ದವರು ಅವರನ್ನು ಹೊರಗೆ ತರುವ ಹೊತ್ತಿಗೆ ಸಂಜೆಯಾಗಿತ್ತು. ಅಕ್ಕನದು ಇನ್ನೂ ತಡವಾಯಿತು. ಮೂರನೆಯ ದಿನ ಅಕ್ಕನಿಗೆ ಜ್ವರ ಬಂದು ಎಲ್ಲರ ಜೀವ ಬಾಯಿಗೆ ಬಂದಿತ್ತು, ಅದು ಇಳಿಯಿತು. ಏಳನೆಯ ದಿನ ದಾನಿಯ ಊಟದ ಪಟ್ಟಿ ಮಾಡಿಕೊಡಲು ಹೋಗಿದ್ದೆ. ಅವರನ್ನು ನಿಧಾನಕ್ಕೆ ನಡೆಸಿಕೊಂಡು ಅಕ್ಕನಿದ್ದ ಐಸಿಯುವಿನ ಗಾಜಿನ ತನಕ ಕರೆದೊಯ್ಯುತ್ತಿದ್ದರು. ನನ್ನನ್ನೂ ಬರಹೇಳಿದರು. ಮುಖಕ್ಕೆ ಮಾಸ್ಕು ಹಾಕಿಸಿ ಬಾಗಿಲು ಸ್ವಲ್ಪ ತೆರೆದರು.

ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಕಣ್ಣಿನ ಬಿಳಿ ಬಿಳಿಯಾಗಿಯೇ ಇತ್ತು. ಆ ಕಣ್ಣುಗಳನ್ನು ನಾನು ಹಾಗೆ ನೋಡಿಯೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿ ನಿಂತ ತಮ್ಮನನ್ನು ಅವರು ತಲೆಯಿಂದ ಕಾಲಿನ ತನಕ ನೋಡಿದರು. ಮನೆಯಲ್ಲಿ ಅವರ ಮಾತು ತುಳು. ಆಗ ಮಾತ್ರ ನನಗೂ ಅರ್ಥವಾಗಲೆಂದು ಕನ್ನಡದಲ್ಲೇ, ನನ್ನ ಕಡೆ ತಿರುಗಿ ಹೇಳಿದರು:

"ಹುಡುಗ ಎಷ್ಟು ಬಡವಾಗಿದ್ದಾನೆ ನೋಡಿ. ಇಷ್ಟು ದಿನ ಇವನಿಗೆ ಯಾರೂ ತಿನ್ಲಿಕ್ಕೇ ಕೊಡ್ಲಿಲ್ವಾ?"